ಅಪ್ಪನ ಪ್ರಶ್ನೆಗೆ ಒಂದು ಕೊಳವೆ ರಕ್ತ

ನನ್ನ ಚಿಕ್ಕಪ್ಪನಿಗೆ ಬೈಪೋಲಾರ್ ಕಾಯಿಲೆ, ಅಂದರೆ ಮನಸ್ಸು ಉನ್ಮಾದಕ್ಕೂ ಖಿನ್ನತೆಗೂ ಹೊಯ್ದಾಡುವ ಕಾಯಿಲೆ, ಇತ್ತೆಂಬುದನ್ನು ಮನೆಯವರು ಬಾಯಿಬಿಟ್ಟು ಹೇಳಿದ್ದು ತಂಗಿಯ ಮದುವೆ ಮುಗಿದ ಮೇಲೆಯೇ. ಅದಕ್ಕೆಂದು ಅವರು ನುಂಗುತ್ತಿದ್ದ ಲಿಥಿಯಂ ಮಾತ್ರೆಗಳು ಅಡುಗೆಮನೆಯಲ್ಲಿ ಉಪ್ಪಿನಕಾಯಿ ಜಾಡಿಯ ಹಿಂದೆ ಇರುತ್ತಿದ್ದವು. ರಕ್ತದಲ್ಲಿ ಲಿಥಿಯಂ ಎಷ್ಟಿದೆಯೆಂದು ನೋಡಲು ಹಿಂದಿನ ಮಾತ್ರೆ ನುಂಗಿ 12 ಗಂಟೆ ಕಳೆದಿರಬೇಕಾದ್ದರಿಂದ, ಪರೀಕ್ಷೆಯ ದಿನ ಬೆಳಗಿನ ಮಾತ್ರೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಬಸ್ಸು ಹತ್ತುತ್ತಿದ್ದರು.

ಹೀಗೆ ಮುಚ್ಚಿಟ್ಟ ಮನೆತನದ ಸಂಗತಿಯೇ ಇಂದು ಸಂಶೋಧನೆಗೆ ಬೇಕಾಗಿದೆ. ಬದುಕಿರುವವರ ಮಿದುಳಿನಿಂದ ನರಕೋಶಗಳನ್ನು ತೆಗೆದು ಪರೀಕ್ಷಿಸಲು ಸಾಮಾನ್ಯವಾಗಿ ಸಾಧ್ಯವಿಲ್ಲ. ಕಾಯಿಲೆಗೆ ಅನೇಕ ಜೀನ್‌ಗಳು ಕಾರಣವಾಗಿರುವುದರಿಂದ ಇಲಿಯಲ್ಲಿ ಅದನ್ನು ಮೂಡಿಸುವುದೂ ಕಷ್ಟ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಅವರ ತಂಡ ನಾಲ್ಕು ಜೀನ್‌ಗಳ ನೆರವಿನಿಂದ ಇಲಿಯ ಬೆಳೆದ ಕೋಶಗಳನ್ನು ಸ್ಟೆಮ್ ಸೆಲ್‌ನಂಥ, ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಥಿತಿಗೆ ಮರಳಿಸಿತು, ಮರುವರ್ಷ ಮನುಷ್ಯರ ಕೋಶಗಳನ್ನೂ. ಹಾಗಾಗಿ ರೋಗಿಯ ರಕ್ತದಿಂದಲೇ, ಅವರದೇ ಜೀನ್‌ಗಳಿರುವ ನರಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಬಹುದು. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೈಪೋಲಾರ್ ಇರುವವರ ನರಕೋಶಗಳು ಅತಿಯಾಗಿ ಉದ್ರೇಕಗೊಳ್ಳುತ್ತಿದ್ದವು. ಲಿಥಿಯಂ ಹಾಕಿದಾಗ ಆ ಉದ್ರೇಕ ತಗ್ಗಿದ್ದು ಲಿಥಿಯಂ ಒಗ್ಗಿದ್ದ ರೋಗಿಗಳ ಕೋಶಗಳಲ್ಲಿ ಮಾತ್ರ. ಔಷಧ ಒಗ್ಗುವುದೋ ಇಲ್ಲವೋ ಎಂದು ತಿಂಗಳುಗಟ್ಟಲೆ ಕಾದ ಮನೆಯವರಿಗೆ ಇದರ ಬೆಲೆ ಗೊತ್ತು.

ಪ್ರಯೋಗಾಲಯದ ತಟ್ಟೆಯಲ್ಲಿರುವುದು ನರಕೋಶಗಳೇ ಹೊರತು ಉನ್ಮಾದವೂ ಅಲ್ಲ, ಖಿನ್ನತೆಯೂ ಅಲ್ಲ. ಅವು ಇನ್ನೂ ಎಳೆಯ ಕೋಶಗಳು, ಬದುಕಿನ ಪೆಟ್ಟು ತಿಂದವಲ್ಲ. ಇದು ಚಿಕಿತ್ಸೆಯೂ ಅಲ್ಲ. ಇದರ ಹೆಸರಿನಲ್ಲಿ ಇಂಜೆಕ್ಷನ್ ಕೊಡುತ್ತೇವೆನ್ನುವವರನ್ನು ದಯವಿಟ್ಟು ನಂಬಬೇಡಿ.

ನಮ್ಮ ಬೆಂಗಳೂರಿನಲ್ಲಿಯೇ ನಿಮ್ಹಾನ್ಸ್ ಆಸ್ಪತ್ರೆ ಹಾಗೂ ಜೀವವಿಜ್ಞಾನ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್ ಮತ್ತು ಇನ್‌ಸ್ಟೆಮ್ ಸೇರಿ, ಒಂದಕ್ಕಿಂತ ಹೆಚ್ಚು ಮಂದಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ಕುಟುಂಬಗಳ ಕೋಶಗಳನ್ನು ಅಧ್ಯಯನ ಮಾಡಿವೆ. ಅಲ್ಲಿ ಕಾಯಿಲೆ ಇಲ್ಲದ ಅಣ್ಣತಮ್ಮಂದಿರ, ಅಕ್ಕತಂಗಿಯರ ರಕ್ತಕ್ಕೂ ಅಷ್ಟೇ ಮಹತ್ವವಿದೆ, ಏಕೆಂದರೆ ಹೋಲಿಸಿ ನೋಡಲು ಅವರಿಗಿಂತ ಹತ್ತಿರದವರು ಸಿಗುವುದಿಲ್ಲ.

ಆದರೆ ಕೇಳುವ ರೀತಿಯೂ ಸರಿಯಿರಬೇಕು. ಹಿಂದೊಮ್ಮೆ ಬೇರೊಂದು ಕಡೆ ಅಪ್ಪನ ಕೈಗೆ ಇಂಗ್ಲಿಷಿನ ಒಪ್ಪಿಗೆ ಪತ್ರ ಕೊಟ್ಟು, ಸಹಿಯ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ತೋರಿಸಿದ್ದರು. ಅಪ್ಪ ಸಹಿ ಹಾಕದೆ ಎದ್ದು ಬಂದರು. ಈ ಕೋಶಗಳು ವರ್ಷಗಟ್ಟಲೆ ಶೈತ್ಯದಲ್ಲಿ ಉಳಿಯುತ್ತವೆ, ಬೇರೆ ಪ್ರಯೋಗಾಲಯಗಳಿಗೂ ಹೋಗಬಹುದು, ಬೇಡವೆನಿಸಿದರೆ ಒಪ್ಪಿಗೆಯನ್ನು ಹಿಂಪಡೆಯಬಹುದು ಎಂಬುದನ್ನೆಲ್ಲ ಕನ್ನಡದಲ್ಲಿ, ಪಕ್ಕದಲ್ಲಿ ಕೂತು ಹೇಳುವುದು ಸಂಶೋಧನೆಯ ಭಾಗವೇ ಆಗಬೇಕೆಂದು ನಾನು ನಂಬಿದ್ದೇನೆ.

ಚಿಕ್ಕಪ್ಪ ತೀರಿಕೊಂಡ ವರ್ಷ ಅಪ್ಪ ಕೇಳಿದ್ದರು: "ಒಂದೇ ತಾಯಿಯ ಮಕ್ಕಳು ನಾವು, ಅವನಿಗೆ ಬಂದದ್ದು ನನಗೇಕೆ ಬರಲಿಲ್ಲ?" ಸಂಶೋಧಕರು ಕೇಳುತ್ತಿರುವುದೂ ಅದನ್ನೇ ಎಂದು ಮೊನ್ನೆ ಅವರಿಗೆ ಹೇಳಿದೆ. ಯಾರಾದರೂ ಕನ್ನಡದಲ್ಲಿ ತಿಳಿಸಿ ಹೇಳಿದರೆ ರಕ್ತ ಕೊಡುತ್ತೇನೆಂದರು.