ಮದ್ದಳೆ ಕೇಳಿಸದ ಟಿವಿ

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತಲ್ಲ, ನನಗೆ ಅಷ್ಟು ನೆಪ ಸಾಕಾಯಿತು. ದೀಪಾವಳಿಗೆ ಮೊದಲೇ ಉಡುಪಿಯ ಒಂದು ಅಂಗಡಿಯಿಂದ 55 ಇಂಚಿನ ಫೋರ್‌ಕೆ ಟಿವಿ ಮನೆಗೆ ಬಂತು. ಅಮ್ಮನಿಗೋಸ್ಕರ ಅಂತ ಎಲ್ಲರಿಗೂ ಹೇಳಿದೆ. ಅರ್ಧ ಸುಳ್ಳು.

ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡಲು ಇನ್ನೂ ದಿನ ಇತ್ತು. ಮೇ ಕೊನೆಯಲ್ಲಿ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿದ ಮೇಲೆ ಅಮ್ಮನಿಗೆ ಆಟ ಅಂದರೆ ಯೂಟ್ಯೂಬೇ. ಮೊದಲ ರಾತ್ರಿ ಊಟ ಮುಗಿಸಿ, ಸೋಫಾದ ಮೇಲೆ ಕಾಲು ಮಡಚಿ ಕೂತರು. ಮಹಿಷಾಸುರನ ಪ್ರವೇಶ. ಹತ್ತು ನಿಮಿಷ ನೋಡಿ, "ಇದೆಂಥದು ಮಾರಾಯ, ಡಬ್ಬ ಬಡಿದ ಹಾಗೆ ಕೇಳ್ತದೆ. ಮದ್ದಳೆ ಎಲ್ಲಿ ಹೋಯ್ತು?" ಅಂದರು.

ಮದ್ದಳೆ ನಿಜವಾಗಿಯೂ ಇರಲಿಲ್ಲ. ಟಿವಿ ತೆಳ್ಳಗಾದಷ್ಟೂ ಒಳಗೆ ಸ್ಪೀಕರಿಗೆ ಜಾಗ ಕಡಿಮೆ. ಅದೂ ಮುಖ ಕೆಳಗೆ ಅಥವಾ ಗೋಡೆಗೆ ಮಾಡಿಕೊಂಡಿರುತ್ತದೆ. ಚೆಂಡೆಯ ಚುರುಕು ಪೆಟ್ಟು ಹೇಗೋ ಹೊರಗೆ ಬರುತ್ತದೆ, ಮದ್ದಳೆಯ ದಪ್ಪ ನಾದ ಒಳಗೇ ಉಳಿಯುತ್ತದೆ. ನಮ್ಮ ಹಳೆಯ ಡಬ್ಬಿ ಟಿವಿಯೇ ಇದಕ್ಕಿಂತ ಚೆನ್ನಾಗಿ ಹಾಡುತ್ತಿತ್ತು, ಸುಮ್ನೆ ಹೇಳ್ತಿಲ್ಲ.

ಚಿತ್ರದ್ದು ಇನ್ನೊಂದು ಕಥೆ. ಅಂಗಡಿಯ ಟ್ಯೂಬ್‌ಲೈಟಿನ ಬೆಳಕಲ್ಲಿ ಎದ್ದು ಕಾಣಲಿ ಅಂತ ಬಣ್ಣ, ಬೆಳಕು ಎರಡನ್ನೂ ತುಂಬಾ ಏರಿಸಿಟ್ಟಿರುತ್ತಾರೆ. ಅದೇ ಸೆಟ್ಟಿಂಗಲ್ಲಿ ಮನೆಯಲ್ಲಿ ಹಾಕಿದರೆ ಬಣ್ಣದ ವೇಷದ ಮುಖದ ಕೆಂಪು ಕಣ್ಣಿಗೆ ಚುಚ್ಚುತ್ತದೆ. ಸಿನಿಮಾ ಮೋಡ್‌ಗೆ ಬದಲಿಸಿದೆ, ಒಂದು ನಿಮಿಷದ ಕೆಲಸ. ಆದರೆ ಹಳೆಯ ರೆಕಾರ್ಡಿಂಗಿಗೆ ಮದ್ದಿಲ್ಲ. ಫೋರ್‌ಕೆ ಪರದೆಯಲ್ಲಿ 2160 ಸಾಲು, ಅಮ್ಮ ನೋಡುವ ವಿಡಿಯೋದಲ್ಲಿ 480. ಒಂದು ಲೋಟ ಮಜ್ಜಿಗೆಗೆ ನಾಲ್ಕು ಲೋಟ ನೀರು ಹೊಯ್ದ ಹಾಗೆ. ಅಂಗಡಿಯಲ್ಲಿ ಜಲಪಾತ, ಜೇನುಹುಳ ತೋರಿಸುವ ಡೆಮೋ ನೋಡಿ ಮರುಳಾದವನು ನಾನೇ ಅಲ್ವಾ, ಯಾರನ್ನು ಬೈಯಲಿ?

ಮತ್ತೆ ಅಂಗಡಿಗೆ ಹೋದೆ. ಸೌಂಡ್‌ಬಾರ್, ಅಂದರೆ ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರ್, ಕೊಟ್ಟ ಹುಡುಗ "ಬ್ಲೂಟೂತ್ ಉಂಟು ಸರ್, ವೈರ್ ಯಾಕೆ?" ಅಂದ. ಮನೆಗೆ ತಂದು ಜೋಡಿಸಿದೆ. ಮದ್ದಳೆ ಬಂತು. ಆದರೆ ಚೆಂಡೆಯವರು ಕೋಲು ಮೇಲೆತ್ತಿದ ಮೇಲೆ ಪೆಟ್ಟು ಕೇಳುತ್ತದೆ! ಬ್ಲೂಟೂತಿನಲ್ಲಿ ಶಬ್ದವನ್ನು ಕುಗ್ಗಿಸಿ, ಕಳಿಸಿ, ಮತ್ತೆ ಬಿಚ್ಚುವಷ್ಟರಲ್ಲಿ ಚೂರು ತಡವಾಗುತ್ತದೆ. ಧಾರಾವಾಹಿಯಲ್ಲಾದರೆ ಗೊತ್ತೇ ಆಗುತ್ತಿರಲಿಲ್ಲವೇನೋ. ಚೆಂಡೆಯಲ್ಲಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕೊನೆಗೆ ಎಚ್‌ಡಿಎಂಐ ಕೇಬಲ್ ತಂದು ಟಿವಿಯ ಹಿಂದೆ ಶಬ್ದವನ್ನು ಹೊರಗೆ ಕಳಿಸುವ, ಎಆರ್‌ಸಿ ಅಂತ ಬರೆದ ತೂತಿಗೇ ಸಿಕ್ಕಿಸಿದೆ. ಪಕ್ಕದ ತೂತು ಆಗುವುದಿಲ್ಲ, ಎಆರ್‌ಸಿಯೇ ಆಗಬೇಕು. ಪೆಟ್ಟೂ ಕೋಲೂ ಒಂದಾದವು. ಈಗ ಟಿವಿ ರಿಮೋಟಿನಲ್ಲೇ ಸೌಂಡ್‌ಬಾರಿನ ವಾಲ್ಯೂಮ್ ಕೂಡ ಏರುತ್ತದೆ, ಅಮ್ಮನಿಗೆ ಎರಡೆರಡು ರಿಮೋಟಿನ ತಲೆಬಿಸಿ ಇಲ್ಲ.

ನೀವು ತಗೊಳ್ಳುವವರಿದ್ದರೆ ಮನೆಯಲ್ಲಿ ದಿನಾ ನೋಡುವ ಒಂದು ವಿಡಿಯೋವನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ. ಡೆಮೋ ನಿಲ್ಲಿಸಿ ಅದನ್ನು ಹಾಕಿಸಿ. ಹುಡುಗರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಚಿಕ್ಕ ಸಾಮಾನುಗಳಲ್ಲೂ ಹೀಗೇ, ಡಬ್ಬದ ಮೇಲೆ ಬರೆದದ್ದು ನಮ್ಮ ಕರಾವಳಿಗಲ್ಲ. ಮಗ ಮಲ್ಪೆ ಬೀಚಿಗೆ ಒಯ್ದ ಬ್ಲೂಟೂತ್ ಸ್ಪೀಕರ್ ಐಪಿ67. ಅಂದರೆ ಧೂಳು ಒಳಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಆದರೆ ಆ ಪರೀಕ್ಷೆ ಸಿಹಿನೀರಿನದ್ದು. ಉಪ್ಪುನೀರು ತಾಗಿದ್ದನ್ನು ಹಾಗೇ ತಂದು ಕಪಾಟಿನಲ್ಲಿಟ್ಟ. ತಿಂಗಳು ಬಿಟ್ಟು ನೋಡಿದರೆ ಚಾರ್ಜಿಂಗ್ ಪಿನ್ನಿಗೆ ಹಸಿರು ಕಿಲುಬು. ಮನೆಗೆ ಬಂದ ಕೂಡಲೇ ಬಾವಿ ನೀರಲ್ಲಿ ತೊಳೆದು ಒಣಗಿಸಿದ್ದರೆ ಬದುಕುತ್ತಿತ್ತೇನೋ.

ಪವರ್ ಬ್ಯಾಂಕಿನದ್ದೂ ಅಷ್ಟೇ. 20,000 ಎಂಎಎಚ್ ಅನ್ನುವುದು ಒಳಗಿನ 3.7 ವೋಲ್ಟಿನ ಬ್ಯಾಟರಿಯ ಲೆಕ್ಕ. ಅದನ್ನು 5 ವೋಲ್ಟಿಗೆ ಏರಿಸಿ ಫೋನಿಗೆ ಕೊಡುವಾಗ ಸುಮಾರು 12,000 ಸಿಕ್ಕರೆ ಜಾಸ್ತಿ. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ, ಓದುವವರು ಯಾರು? ದುಬೈಗೆ ಹೊರಟ ಭಾವ ಅದನ್ನು ಚೆಕ್‌ಇನ್ ಸೂಟ್‌ಕೇಸಿನಲ್ಲಿ ತುಂಬಿ, ಬಜ್ಪೆ ವಿಮಾನ ನಿಲ್ದಾಣದಲ್ಲಿ ಎಲ್ಲರೆದುರು ಬಿಚ್ಚಬೇಕಾಯಿತು. ಹಲ್ವದ ಕಟ್ಟು, ಉಪ್ಪಿನಕಾಯಿ ಬಾಟಲಿ ಎಲ್ಲಾ ನೆಲದ ಮೇಲೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವಾಟ್ ಅವರ್ ದಾಟಿದರೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅವರದ್ದು 20 ಆಂಪ್ ಅವರನ್ನು 3.7 ವೋಲ್ಟಿಗೆ ಗುಣಿಸಿದರೆ 74, ಕೈಚೀಲದಲ್ಲಿ ಇಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ.

ನಿನ್ನೆ ಸಂಜೆ ಭಾಗವತರು ಪದ ಎತ್ತಿದ್ದರಷ್ಟೇ, ಮೂಡುದಿಕ್ಕಿನಲ್ಲಿ ಗುಡುಗು ಕೇಳಿತು. ಅಮ್ಮ ಎದ್ದು ಟಿವಿ, ಸೌಂಡ್‌ಬಾರ್, ರೌಟರ್ ಮೂರರ ಪ್ಲಗ್ಗನ್ನೂ ಕಿತ್ತರು. ಸರ್ಜ್ ಪ್ರೊಟೆಕ್ಟರ್ ಹಾಕಿದ್ದೇನಮ್ಮಾ ಅಂದೆ. "ಅದು ಸಿಡಿಲಿಗೆ ಗೊತ್ತುಂಟಾ?" ಅಂತ ದೀಪ ಹಚ್ಚಲು ಹೋದರು.