ಜಾಕಿನ ಆಕಾರದ ಗುಂಡಿ

ಸಂತೆಯಲ್ಲಿ ಬೆಂಡೆಕಾಯಿ ಕೊಳ್ಳುವಾಗ ನಾನು ತುದಿ ಮುರಿದು ನೋಡುವವನು. ತೆಂಗಿನಕಾಯಿಯಾದರೆ ಕಿವಿಗೆ ಹಿಡಿದು ಅಲ್ಲಾಡಿಸುತ್ತೇನೆ. ಹಲಸಿನಹಣ್ಣನ್ನು ತಟ್ಟಿ ನೋಡದೆ ಮನೆಗೆ ತಂದದ್ದೇ ಇಲ್ಲ. ಇಂಥ ನಾನು ಏಳೂವರೆ ಲಕ್ಷ ಕೊಟ್ಟು ಹುಬ್ಬಳ್ಳಿಯಿಂದ ಶಿರಸಿಗೆ ಕಾರು ತರುವಾಗ ನೋಡಿದ್ದು ಎರಡೇ: ಬಣ್ಣ ಸರಿಯಿದೆಯೇ, ಫೋಟೋದಲ್ಲಿ ಹೊಟ್ಟೆ ಕಾಣುತ್ತಿದೆಯೇ.

ಪೂರಾ ತಪ್ಪು ನನ್ನದೂ ಅಲ್ಲ. ಶೋರೂಮಿನಲ್ಲಿ ಕಾರಿಗೆ ಕೆಂಪು ಬಟ್ಟೆ ಹೊದಿಸಿ ನಿಲ್ಲಿಸಿರುತ್ತಾರೆ. ಥೇಟ್ ಅಂತರಪಟ. ಅದು ಸರಿದ ಮೇಲೆ ಹಾರ ಹಾಕಬೇಕೇ ಹೊರತು ಅಲ್ಲಿ ನಿಂತು ಕುಲಗೋತ್ರ ವಿಚಾರಿಸಲಿಕ್ಕಾಗುತ್ತದೆಯೇ? ಸ್ವೀಟ್ ಬಾಕ್ಸು ಕೈಗೆ ಬಂತು, ಡ್ಯಾಶ್‌ಬೋರ್ಡಿಗೆ ಪುಟ್ಟ ಗಣಪತಿ ಬಂದ, ಹುಡುಗನೊಬ್ಬ ಕಾಗದಗಳ ಕಟ್ಟು ಹಿಡಿದು ಬಂದ. "ಸರ, ಇಲ್ಲೊಂದು ಸಹಿ. ಇಲ್ಲೊಂದು. ಇಲ್ಲೆ ಇನ್ನೊಂದು ಮಾಡ್ರಿ." ಬಾಯಲ್ಲಿ ಪೇಡೆ ಇರುವಾಗ ಓದುವ ಅಭ್ಯಾಸ ನನಗಿಲ್ಲ. ಮಾಡಿದೆ.

ಮಾರಿಕಾಂಬೆಯ ಗುಡಿಯ ಮುಂದೆ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹಾಯಿಸಿದೆವು. ಅಮೆರಿಕದಲ್ಲಿ ದೋಷವಿರುವ ಹೊಸ ಕಾರಿಗೇ 'ಲೆಮನ್' ಅನ್ನುತ್ತಾರೆ ಎಂದು ಆಮೇಲೆ ಗೊತ್ತಾಯಿತು. 1982ರಲ್ಲಿ ಕನೆಕ್ಟಿಕಟ್ ರಾಜ್ಯ ಅಂಥ ಕಾರು ಕೊಂಡವರ ರಕ್ಷಣೆಗೆ ಕಾನೂನೇ ಮಾಡಿತು, ಅದರ ಹೆಸರೂ 'ಲೆಮನ್ ಲಾ'. ಅಲ್ಲಿ ನಿಂಬೆಹಣ್ಣು ಕಾರಾಗಿ ಬರುತ್ತದೆ, ಇಲ್ಲಿ ಕಾರಿನ ಅಡಿಗೆ ಹೋಗುತ್ತದೆ. ನನ್ನ ಪಾಲಿಗೆ ಎರಡೂ ಆದವು.

ಮೊದಲ ವಾರ ಬಂದದ್ದು ಒಂದು ಸದ್ದು. ಹಿಂದಿನ ಎಡಬಾಗಿಲ ಹತ್ತಿರ ಕಟಕಟ, ಕಟಕಟ. ಮೆಕ್ಯಾನಿಕ್ ಕೂತರೆ ಮಾತ್ರ ಇಲ್ಲ. ಅವನು ಇಳಿದು ಹತ್ತು ಮಾರು ಹೋಗುವುದರೊಳಗೆ ಮತ್ತೆ ಶುರು. ಹದಿನೈದು ದಿನ ಬಾಗಿಲನ್ನೇ ಬೈದೆ. ಕಡೆಗೆ ಹಿಂದೆ ಕೂತಿದ್ದ ಆಯಿ ಸೀಟ್ ಬೆಲ್ಟಿನ ಕೊಂಡಿಯನ್ನು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡಳು. ಸದ್ದು ನಿಂತಿತು. ಬೆಲ್ಟ್ ಹಾಕದಿದ್ದಾಗ ಕೊಂಡಿ ಪಕ್ಕದ ಪ್ಲಾಸ್ಟಿಕ್ಕಿಗೆ ಬಡಿಯುತ್ತಿತ್ತು, ಅಷ್ಟೇ. ಮೆಕ್ಯಾನಿಕ್ ಕೂತಾಗಲೆಲ್ಲ ಬೆಲ್ಟ್ ಹಾಕಿಕೊಳ್ಳುತ್ತಿದ್ದ, ಶಿಸ್ತಿನ ಮನುಷ್ಯ.

ಇನ್ನು ಸ್ಟೇರಿಂಗಿನ ಬಲಕ್ಕೆ ಮೂರು ಸ್ವಿಚ್ಚುಗಳಿವೆ, ಒತ್ತಿದರೆ ಒಳಗೆ ಹೋಗುವುದಿಲ್ಲ. ಮೊದಲು ಹಾಳಾಗಿದೆ ಎಂದುಕೊಂಡೆ. ಅವು ಸ್ವಿಚ್ಚೇ ಅಲ್ಲವಂತೆ. ಮೇಲಿನ ಮಾಡೆಲ್ಲಿನಲ್ಲಿ ಫಾಗ್ ಲ್ಯಾಂಪು, ಅದು, ಇದು ಎಂದು ಬರುವ ಜಾಗಕ್ಕೆ ಕೆಳಗಿನ ಮಾಡೆಲ್ಲಿನಲ್ಲಿ ಮುಚ್ಚಳ ಹಾಕಿ ಬಿಡುತ್ತಾರೆ. ಇನ್ನೊಂದು ಲಕ್ಷ ನನ್ನ ಹತ್ತಿರ ಇರಲಿಲ್ಲ ಎಂಬುದನ್ನು ಬೆರಳಿನ ಅಳತೆಯಲ್ಲೇ ದಿನಾ ತೋರಿಸುವ ಏರ್ಪಾಡು.

ಅಸಲು ಸಂಗತಿ ಗೊತ್ತಾದದ್ದು ದೇವಿಮನೆ ಘಟ್ಟದಲ್ಲಿ. ಕುಮಟಾಕ್ಕೆ ಹೊರಟಿದ್ದೆವು, ಜಡಿಮಳೆ, ರಸ್ತೆ ಅಗಲ ಮಾಡಲು ಒಡೆದ ಜಲ್ಲಿ ಚೂಪಾಗಿ ಬಿದ್ದಿತ್ತು. ಎಡಗಡೆಯ ಟೈರು ಕೂತಿತು. ಫೋನಿಗೆ ಸಿಗ್ನಲ್ ಇಲ್ಲ. ಇರಲಿ, ಸ್ಟೆಪ್ನಿ ಇದೆಯಲ್ಲ ಎಂದು ಡಿಕ್ಕಿ ತೆಗೆದೆ. ಸ್ಟೆಪ್ನಿ ಎಂಬ ಹೆಸರು ಬಂದದ್ದು ವೇಲ್ಸಿನ ಲ್ಯಾನೆಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಇಬ್ಬರು ಅಣ್ಣತಮ್ಮಂದಿರು ಅಲ್ಲಿ ಹೆಚ್ಚುವರಿ ಚಕ್ರ ಮಾಡಿ ಮಾರತೊಡಗಿದರು. ಅದಕ್ಕೆ ಮೊದಲು ಕಾರುಗಳು ಬಿಡಿ ಚಕ್ರವಿಲ್ಲದೆಯೇ ಓಡುತ್ತಿದ್ದವು. ಈಗ ಚಕ್ರ ತಿರುಗಿ ಅಲ್ಲಿಗೇ ಬಂದಿದೆ: ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್ಟು, ಗಾಳಿ ಕಡಿಮೆಯಾದರೆ ಹೇಳುವ ಸೆನ್ಸರು ಇದ್ದರೆ ಸ್ಟೆಪ್ನಿ ಕೊಡಬೇಕಿಲ್ಲ ಎಂದು 2020ರಲ್ಲಿ ನಮ್ಮ ನಿಯಮವೇ ಬದಲಾಯಿತು. ನನ್ನದರಲ್ಲಿ ಪುಣ್ಯಕ್ಕೆ ಇತ್ತು.

ಇಲ್ಲದ್ದು ಜಾಕು. ಸ್ಟೆಪ್ನಿಯ ನಡುವೆ ಕಪ್ಪು ಥರ್ಮಾಕೋಲಿನ ತಟ್ಟೆ, ಅದರಲ್ಲಿ ಜಾಕಿನದೇ ಆಕಾರದಲ್ಲಿ ಕೊರೆದ ಒಂದು ಗುಂಡಿ, ಪಾನಾದ ಆಕಾರದಲ್ಲಿ ಇನ್ನೊಂದು. ಎರಡೂ ಖಾಲಿ. ಏನೂ ಇಲ್ಲದೆ ಬರಿದಾಗಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ. ಕಟ್ಟು ಹಾಕಿದ ದೇವರ ಫೋಟೋದಲ್ಲಿ ದೇವರೇ ಇಲ್ಲದ ಹಾಗೆ ಇತ್ತು. ಆಯಿ ಕೊಡೆ ಹಿಡಿದು ಬಗ್ಗಿ ನೋಡಿದಳು.

"ತಮಾ, ಬೆಂಡೆಕಾಯಿ ಆದ್ರೆ ತುದಿ ಮುರದು ನೋಡ್ತೆ. ಇದ್ನ ಎಂತಕ್ಕೆ ನೋಡಿದ್ದಿಲ್ಲೆ?"

ಉತ್ತರ ಕೊಡುವುದರೊಳಗೆ ಕೆಳಗಿನಿಂದ ಮೀನಿನ ಪಿಕಪ್ ಏರಿ ಬಂತು. ಡ್ರೈವರ್ ಇಳಿದು ಸೀಟಿನ ಮೇಲಿನ ಪ್ಲಾಸ್ಟಿಕ್ ಕವರ್ ನೋಡಿದ, ನನ್ನನ್ನು ನೋಡಿದ. "ಹೊಸ ಗಾಡಿಯಲ್ಲಿ ಜಾಕ್ ಇಲ್ವಾ? ನಂದು ಹನ್ನೆರಡು ವರ್ಷದ್ದು, ಎರಡುಂಟು." ಚಕ್ರದ ಹಿಂದೆ ಕಲ್ಲು ಕೊಟ್ಟು, ಗಾಡಿ ಎತ್ತುವ ಮೊದಲೇ ನಾಲ್ಕು ಬಾಯಿಯ ಪಾನಾದಿಂದ ನಟ್ಟು ಸಡಿಲಿಸಿದ. ನಾನಾಗಿದ್ದರೆ ಮೊದಲು ಎತ್ತುತ್ತಿದ್ದೆ, ಚಕ್ರ ಗಾಳಿಯಲ್ಲಿ ಗಿರಗಿರ ತಿರುಗುತ್ತಿತ್ತು. ಹದಿನೈದೇ ನಿಮಿಷ. ದುಡ್ಡು ಬೇಡ ಅಂದ. ಸ್ಟೆಪ್ನಿಗೆ ಹತ್ತಿದ ಬಂಗಡೆಯ ವಾಸನೆ ಮಾತ್ರ ಎರಡು ವಾರ ನಮ್ಮ ಜೊತೆಗಿತ್ತು. ಆಯಿ ಕಿಟಕಿ ತೆಗೆದುಕೊಂಡು ಕೂತಳೇ ಹೊರತು ಒಂದು ಮಾತು ಆಡಲಿಲ್ಲ.

ಶೋರೂಮಿಗೆ ಫೋನ್ ಮಾಡಿದೆ. "ಸರ, ಜಾಕ್ ಮುಟ್ಟೇತಿ ಅಂತ ನೀವ ಸಹಿ ಮಾಡೀರಲ್ರಿ." ಪಟ್ಟಿಯ ಫೋಟೋ ಕಳಿಸಿದರು. ಜಾಕು, ಪಾನಾ, ತ್ರಿಕೋನದ ಫಲಕ, ಎರಡನೇ ಕೀಲಿ, ಎಲ್ಲದರ ಮುಂದೂ ಟಿಕ್. ಅಡಿಯಲ್ಲಿ ಪೇಡೆಯ ಜಿಡ್ಡಿನ ಬೆರಳಚ್ಚಿನ ಸಮೇತ ನನ್ನ ಸಹಿ. ವಕೀಲನಾದ ಭಾವ ಕಾರವಾರದ ಗ್ರಾಹಕರ ಆಯೋಗಕ್ಕೆ ಹಾಕು, ಎರಡು ವರ್ಷ ಟೈಮಿದೆ ಅಂದ. ಕಾರವಾರಕ್ಕೆ ನಾಲ್ಕು ಸಲ ಹೋಗಿ ಬಂದರೆ ಪೆಟ್ರೋಲಿನ ದುಡ್ಡಿಗೇ ಜಾಕು ಬರುತ್ತದೆ. ಅದೂ ಘಟ್ಟ ಇಳಿದು ಹೋಗಬೇಕು, ಜಾಕಿಲ್ಲದೆ.

ಹಾಗಾಗಿ ದಿನಾ ಬೆಳಿಗ್ಗೆ ಹತ್ತೂ ಕಾಲಿಗೆ ಫೋನ್ ಮಾಡುವುದನ್ನು ಸಂಧ್ಯಾವಂದನೆಯ ಹಾಗೆ ಇಟ್ಟುಕೊಂಡೆ. ಇಪ್ಪತ್ತೆರಡನೇ ದಿನ ಹುಬ್ಬಳ್ಳಿ ಬಸ್ಸಿನಲ್ಲಿ ಪೇಪರು ಸುತ್ತಿದ ಪೊಟ್ಟಣ ಬಂತು. ಜಾಕು, ಪಾನಾ ಎರಡೂ ಗುಂಡಿಯಲ್ಲಿ ಟಪ್ಪೆಂದು ಕೂತವು. ಜಾಕಿನ ಬೆನ್ನಿನ ಮೇಲೆ ಮಾರ್ಕರಿನಲ್ಲಿ ನಾಲ್ಕು ಅಂಕಿ ಬರೆದಿತ್ತು. ಆರ್‌ಸಿ ತಂದು ಹದಿನೇಳು ಅಕ್ಷರದ ಚಾಸಿಸ್ ನಂಬರಿನ ಕೊನೆಗೆ ಹೋಲಿಸಿ ನೋಡಿದೆ. ನನ್ನದಲ್ಲ. ಹುಬ್ಬಳ್ಳಿಯಲ್ಲಿ ಇನ್ಯಾವುದೋ ಕಾರಿನ ಮೇಲಿಂದ ಕೆಂಪು ಬಟ್ಟೆ ಸರಿಯುತ್ತಿರಬೇಕು, ಇನ್ಯಾರೋ ಹೊಟ್ಟೆ ಒಳಗೆಳೆದುಕೊಂಡು ಫೋಟೋಕ್ಕೆ ನಿಂತಿರಬೇಕು.

"ಸರಿ ಇದ್ದಾ?" ಆಯಿ ಒಳಗಿನಿಂದ ಕೇಳಿದಳು.

"ಸರಿ ಇದ್ದು" ಎಂದು ಡಿಕ್ಕಿ ಮುಚ್ಚಿದೆ.