ಕೆಲಸ ಕೊಡೋರೇ ಇಲ್ಲದ ಮೇಲೆ ಆ ಬೋರ್ಡ್ ಯಾಕ್ರೀ?

"ವಿ ಆರ್ ಹೈರಿಂಗ್" ಅಂತ ಆಳೆತ್ತರದ ಬೋರ್ಡ್ ನಿಲ್ಲಿಸಿದ ಮೇಲೆ, ಅದರ ಪಕ್ಕದಲ್ಲಿ ಒಬ್ಬರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳುವ ಅಧಿಕಾರ ಇರುವ ಮನುಷ್ಯನನ್ನು ಕೂರಿಸಬೇಕು. ಇದೇ ನನ್ನ ದೊಡ್ಡ ತಕರಾರು. ಕಾಫಿಗೆ ರೇಟ್ ಜಾಸ್ತಿ ಇತ್ತು, ಕೂರಲು ಕುರ್ಚಿ ಇರಲಿಲ್ಲ, ಅದೆಲ್ಲ ಹಾಳಾಗಲಿ.

ಬೆಂಗಳೂರಿನಲ್ಲಿ ನಡೆದ ಒಂದು ಗ್ರಾಫಿಕ್ಸ್ ಸಮ್ಮೇಳನಕ್ಕೆ ಕೆಲಸ ಹುಡುಕಿಕೊಂಡು ಹೋಗಿದ್ದೆ. ಟಿಕೆಟ್ ದುಡ್ಡು, ಅದರ ಮೇಲೆ ಶೇ. 18 ಜಿಎಸ್‌ಟಿ. ಕೆಲಸ ಇಲ್ಲದವನ ಹತ್ತಿರವೂ ಜಿಎಸ್‌ಟಿ! ಜೇಬಿಗೆ ಎಟುಕಿದ್ದು ಎಕ್ಸಿಬಿಷನ್ ಪಾಸ್ ಮಾತ್ರ. ಸೂಪರ್‌ವೈಸರ್‌ಗಳು, ಸ್ಟುಡಿಯೋ ಹೆಡ್‌ಗಳು ಮಾತಾಡುವ ಹಾಲ್‌ಗೆ ಬೇರೆ ಪಾಸ್, ಅದರ ರೇಟ್ ಕೇಳಲೇಬೇಡಿ. ಅಂದರೆ ಕೆಲಸ ಕೊಡೋರು ಒಳಗೆ, ಕೆಲಸ ಬೇಕಾದವರು ಹೊರಗೆ, ನಡುವೆ ಒಬ್ಬ ಸೆಕ್ಯೂರಿಟಿ ಅಣ್ಣ. ಕೊರಳಲ್ಲಿ ನೇತಾಡುವ ಟ್ಯಾಗ್‌ನ ಬಣ್ಣ ನೋಡಿಯೇ ಜನ ಮಾತಾಡಿಸೋದು. ಮುಖ ಆಮೇಲೆ.

ಈ ಬಣ್ಣದ ವ್ಯವಹಾರ ನಮ್ಮವರೇ ಕಂಡುಹಿಡಿದದ್ದಲ್ಲ ಬಿಡಿ. 1974ರಲ್ಲಿ ಅಮೆರಿಕದ ಬೋಲ್ಡರ್ ಊರಲ್ಲಿ ಶುರುವಾದ ಸಿಗ್ರಾಫ್ ಅನ್ನೋ ದೊಡ್ಡ ಗ್ರಾಫಿಕ್ಸ್ ಸಮ್ಮೇಳನದಲ್ಲೂ ದುಡ್ಡಿಗೆ ತಕ್ಕ ಪಾಸ್ ಇದೆ. ಅದರ ಏಷ್ಯಾ ಸಮ್ಮೇಳನ 2008ರಲ್ಲಿ ಸಿಂಗಪುರದಲ್ಲಿ ಆರಂಭವಾಗಿ ಟೋಕಿಯೊ, ಸೋಲ್, ಹಾಂಕಾಂಗ್, ಬ್ಯಾಂಕಾಕ್, ಸಿಡ್ನಿ ಅಂತ ಊರೂರು ಸುತ್ತಿದೆ. ಹಾಲಿವುಡ್‌ನ ರೋಟೊ (ಫ್ರೇಮ್ ಫ್ರೇಮಿಗೂ ಆಕಾರದ ಅಂಚು ಗುರುತಿಸೋದು), ಪೇಂಟ್ (ಶಾಟ್‌ನಲ್ಲಿ ಬೇಡದ್ದನ್ನು ಅಳಿಸೋದು) ಕೆಲಸ ರಾಶಿ ರಾಶಿ ಬಂದು ಬೀಳುವ ನಮ್ಮ ದೇಶಕ್ಕೆ ಮಾತ್ರ ಬಂದಿಲ್ಲ. ಸಿಡ್ನಿಗೆ ಹೋಗೋಕೆ ನಮ್ಮಪ್ಪ ತೋಟ ಮಾರಬೇಕು. ಹಾಗಾಗಿ ಇಲ್ಲಿ ಏನು ನಡೆದರೂ ಹೋಗಿ ಸಾಲಲ್ಲಿ ನಿಲ್ಲುತ್ತೇವೆ.

ಒಳಗೆ ಹೋದರೆ ಕಣ್ಣಿಗೆ ಬೀಳೋದು ಬರೀ ಇನ್‌ಸ್ಟಿಟ್ಯೂಟ್‌ಗಳ ಸ್ಟಾಲ್. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅಂತೆ. ಅವರಲ್ಲೇ ಕಲಿತ ಹುಡುಗರು ಅವರ ಸ್ಟಾಲ್ ಪಕ್ಕದಲ್ಲೇ ರೆಸ್ಯೂಮೆ ಹಿಡಿದುಕೊಂಡು ಅಲೆದಾಡ್ತಿದ್ದಾರೆ, ಅದನ್ನು ಕೇಳೋರಿಲ್ಲ. "ಬ್ರೋ, ನಂಬರ್ ಕೊಡಿ, ಗಿಫ್ಟ್ ಇದೆ" ಅಂದ ಒಬ್ಬ. ಗಿಫ್ಟ್ ಅಂದರೆ ಒಂದು ಕೀಚೈನ್.

ಸ್ಟುಡಿಯೋ ಸ್ಟಾಲ್ ಒಂದರಲ್ಲಿ ಲೈನ್ ಸಣ್ಣದಿತ್ತು. ಕೂತಿದ್ದವರು ಎಚ್‌ಆರ್ ಮೇಡಂ. ಟ್ಯಾಬ್‌ನಲ್ಲಿ ರೀಲ್, ಅಂದರೆ ನನ್ನ ಕೆಲಸದ ಸ್ಯಾಂಪಲ್ ವಿಡಿಯೊ, ಹಾಕಿದೆ. ನನ್ನದು ಪೇಂಟ್ ಕೆಲಸ. ಫೈಟ್ ಸೀನ್‌ನಲ್ಲಿ ಒಬ್ಬ ಗೋಡೆಯಿಂದ ಗೋಡೆಗೆ ಹಾರುತ್ತಾನೆ. ಅವನ ಬೆನ್ನಿಗೆ ಕಟ್ಟಿದ ಕೇಬಲ್ ಅಳಿಸಿ, ಅದರ ಹಿಂದಿದ್ದ ಕಿಟಕಿ ಸರಳು, ಇಟ್ಟಿಗೆ, ನೆರಳು ಎಲ್ಲವನ್ನೂ ವಾಪಸ್ ಕೂರಿಸಬೇಕು. ಸೆಕೆಂಡಿಗೆ 24 ಫ್ರೇಮ್, ಐದು ಸೆಕೆಂಡಿನ ಶಾಟ್ ಅಂದರೆ 120 ಫ್ರೇಮ್. ಗ್ರೇನ್ (ಚಿತ್ರದ ಮೇಲಿರುವ ಸಣ್ಣ ಸಣ್ಣ ಚುಕ್ಕೆ) ಹೊಂದಿಕೆಯಾಗದಿದ್ದರೆ ಪ್ಲೇ ಮಾಡಿದಾಗ ಆ ಜಾಗ ಮಾತ್ರ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತೆ, ಶಾಟ್ ವಾಪಸ್ ಬರುತ್ತೆ. ಮೊದಲು ಒರಿಜಿನಲ್, ಆಮೇಲೆ ಕೆಲಸ ಮುಗಿಸಿದ್ದು, ಹೀಗೆ ರೀಲ್ ಜೋಡಿಸಿದ್ದೆ. ಒರಿಜಿನಲ್ ಓಡುವಾಗ ಮೇಡಂ ಫೋನ್ ನೋಡ್ತಿದ್ದರು. ಆಮೇಲೆ ತಲೆ ಎತ್ತಿದರು.

"ಇದರಲ್ಲಿ ನೀವು ಮಾಡಿದ್ದೇನು?"

"ಕೇಬಲ್ ತೆಗೆದಿದ್ದೀನಿ ಮೇಡಂ."

"ಕೇಬಲ್ಲಾ? ಎಲ್ಲೂ ಕಾಣ್ತಾ ಇಲ್ವಲ್ಲ?"

ಇದಕ್ಕೆ ಏನಂತ ಹೇಳೋದು? ಡ್ರಾಗನ್ ಥರದ್ದು ಏನಾದ್ರೂ ಮಾಡಿದ್ದೀರಾ ಅಂತ ಬೇರೆ ಕೇಳಿದರು. ಕೊನೆಗೆ ಒಂದು ಕ್ಯೂಆರ್ ಕೋಡ್ ತೋರಿಸಿ, "ವೆಬ್‌ಸೈಟ್‌ನಲ್ಲಿ ಅಪ್ಲೈ ಮಾಡಿ" ಅಂದರು. ಆ ವೆಬ್‌ಸೈಟ್‌ನಲ್ಲಿ ಅಪ್ಲೈ ಮಾಡಿ ಮಾಡಿ ಉತ್ತರ ಬರದೇ ಇದ್ದದ್ದಕ್ಕೇ ತಾನೇ ಇಲ್ಲಿಗೆ ಬಂದಿದ್ದು!

ಮಧ್ಯಾಹ್ನ ಇನ್ನೊಂದು ಸ್ಟಾಲ್‌ಗೆ ನಿಜವಾಗಿಯೂ ಒಬ್ಬ ಲೀಡ್, ಅಂದರೆ ಆರ್ಟಿಸ್ಟ್‌ಗಳ ತಂಡ ನಡೆಸೋರು, ಬಂದರು. ಕೆಲಸ ಬಲ್ಲವರು, ಶಾಟ್ ನೋಡಿದ ಕೂಡಲೇ ಹಿಡಿದರು. "ಇದು ನೆಟ್‌ನಲ್ಲಿ ಫ್ರೀ ಸಿಗೋ ಪ್ರಾಕ್ಟೀಸ್ ಫೂಟೇಜ್ ಅಲ್ವಾ? ಬೆಳಗಿಂದ ಎಲ್ಲರ ರೀಲ್‌ನಲ್ಲೂ ಇದನ್ನೇ ನೋಡ್ತಿದ್ದೀನಿ. ನಿಜವಾದ ಸಿನಿಮಾಗೆ ಮಾಡಿದ ಪ್ರೊಡಕ್ಷನ್ ಶಾಟ್ ಇದ್ದರೆ ತೋರಿಸಿ."

ಎಲ್ಲಿಂದ ತರೋದು ಸ್ವಾಮಿ? ಸ್ಟುಡಿಯೋ ಬಾಗಿಲಲ್ಲೇ ಫೋನ್ ಇಸ್ಕೊಳ್ತೀರಿ. ಯುಎಸ್‌ಬಿ ಬಂದ್, ಕೆಲಸದ ಸಿಸ್ಟಮ್‌ಗೆ ಇಂಟರ್‌ನೆಟ್ ಇಲ್ಲ. ಸೇರುವ ದಿನವೇ ಎನ್‌ಡಿಎಗೆ, ಅಂದರೆ ಏನನ್ನೂ ಹೊರಗೆ ಬಿಡಲ್ಲ ಅನ್ನೋ ಕರಾರಿಗೆ, ಸಹಿ. ಸಿನಿಮಾ ಸೋರಿಕೆ ಆಗಬಾರದು ನಿಜ, ಒಪ್ಪಿದೆ. ಆದರೆ ಸಿನಿಮಾ ರಿಲೀಸ್ ಆಗಿ, ಓಟಿಟಿಗೆ ಬಂದು, ಪಕ್ಕದ ಮನೆ ಮಕ್ಕಳು ಊಟ ಮಾಡ್ತಾ ನೋಡುವ ಶಾಟ್ ಅನ್ನು ಅದನ್ನು ಮಾಡಿದವನಿಗೆ ಕೊಡೋಕೆ ಏನು ಕಷ್ಟ? ಕೇಳಿದರೆ ಪ್ರೊಡಕ್ಷನ್‌ನವರು ಕ್ಲೈಂಟ್ ಅಂತಾರೆ, ಕ್ಲೈಂಟ್ ಲಂಡನ್‌ನಲ್ಲಿರ್ತಾನೆ, ಉತ್ತರ ಬರುವಷ್ಟರಲ್ಲಿ ನಮ್ಮ ಕಾಂಟ್ರ್ಯಾಕ್ಟ್ ಮುಗಿದಿರುತ್ತೆ. ಓಟಿಟಿಯಿಂದ ನಾವೇ ಕತ್ತರಿಸಿಕೊಳ್ಳೋಣ ಅಂದರೆ ಕೇಬಲ್ ಇದ್ದ ಒರಿಜಿನಲ್ ಅಲ್ಲಿರಲ್ಲ. ಕ್ರೆಡಿಟ್‌ನಲ್ಲಿ ಹೆಸರಾದರೂ ಬರುತ್ತಾ ಅಂದರೆ ಅದಕ್ಕೂ ಗ್ಯಾರಂಟಿ ಇಲ್ಲ. ಶಾಟ್ ಕೊಡಲ್ಲ ಅನ್ನೋರೂ ನೀವೇ, ಶಾಟ್ ಎಲ್ಲಿ ಅಂತ ಕೇಳೋರೂ ನೀವೇ.

ಲೈನ್‌ನಲ್ಲಿ ನನ್ನ ಹಿಂದೆ ನಿಂತಿದ್ದವರಿಗೆ ನಲವತ್ತರ ಹತ್ತಿರ ವಯಸ್ಸು. ಪ್ಲಾಸ್ಟಿಕ್ ಫೋಲ್ಡರ್‌ನಲ್ಲಿ ರೆಸ್ಯೂಮೆ. ನಾನು ಕಾಲೇಜಿನಲ್ಲಿದ್ದಾಗಲೇ ಅವರು ಲೀಡ್. 2023ರಲ್ಲಿ ಹಾಲಿವುಡ್ ಬರಹಗಾರರು 148 ದಿನ ಮುಷ್ಕರ ಮಾಡಿದರು, ನಟರೂ ಸೇರಿಕೊಂಡರು, ಅಲ್ಲಿ ಶೂಟಿಂಗ್ ನಿಂತದ್ದಕ್ಕೆ ಇಲ್ಲಿ ಶಾಟ್ ಇಲ್ಲದಂತಾಯಿತು. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಅನ್ನೋ ದೊಡ್ಡ ಗ್ರಾಫಿಕ್ಸ್ ಕಂಪನಿ ಬಾಗಿಲು ಹಾಕಿದಾಗ ಇಲ್ಲಿ ಸಾವಿರಾರು ಜನ ಬೀದಿಗೆ ಬಂದರು. ಅಂಥ ಸೀನಿಯರ್‌ಗಳಿಗೂ ನನಗೂ ಒಂದೇ ಲೈನು, ಒಂದೇ ಕ್ಯೂಆರ್ ಕೋಡ್. ಇತ್ತ ರಾಜ್ಯ ಸರ್ಕಾರದ ಹೊಸ ಎವಿಜಿಸಿ (ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್) ನೀತಿಯಲ್ಲಿ 30,000 ಹೊಸ ಉದ್ಯೋಗ. ಆಗಲಿ, ಸಂತೋಷ. ಅದರಲ್ಲಿ ಒಂದು ಎಲ್ಲಿದೆ ಅಂತ ಯಾರಾದರೂ ಕೈ ತೋರಿಸಿದರೆ ನಡೆದುಕೊಂಡೇ ಹೋಗ್ತೀನಿ.

ದೊಡ್ಡ ಹಾಲ್‌ನಲ್ಲಿ ನಡೀತಿದ್ದದ್ದನ್ನು ಹೊರಗಿನ ಪರದೆಯಲ್ಲಿ ನಮಗೂ ತೋರಿಸ್ತಿದ್ದರು. ಎಐ ಬಂದ ಮೇಲೆ ರೋಟೊ, ಪೇಂಟ್‌ಗೆ ಜನ ಕಡಿಮೆ ಸಾಕು ಅಂತ ವೇದಿಕೆ ಮೇಲೆ ಒಬ್ಬರು ನಗ್ತಾ ಹೇಳಿದರು. ಒಳಗಿದ್ದವರು ಚಪ್ಪಾಳೆ ಹೊಡೆದರು. ಹೊರಗೆ ರೋಟೊ ಹುಡುಗರೆಲ್ಲ ನಿಂತು ನೋಡ್ತಿದ್ದೆವು.

ಸ್ಕ್ಯಾನ್ ಮಾಡಿದ ಯಾವ ಸ್ಟುಡಿಯೋದಿಂದಲೂ ಮೇಲ್ ಬಂದಿಲ್ಲ. ಆಗಲ್ಲ ಅನ್ನೋಕಾದರೂ ಒಂದು ಸಾಲು ಬರೀಬಹುದಲ್ವಾ, ಅದೂ ಇಲ್ಲ. ಫೋನ್ ಮಾಡ್ತಿರೋದು ಕೀಚೈನ್ ಕೊಟ್ಟ ಆ ಇನ್‌ಸ್ಟಿಟ್ಯೂಟ್ ಹುಡುಗ ಮಾತ್ರ. "ಬ್ರೋ, ಅಡ್ವಾನ್ಸ್ಡ್ ಕಾಂಪೋಸಿಟಿಂಗ್ ಕೋರ್ಸ್, ಇಎಂಐ ಇದೆ" ಅಂತಾನೆ. ನಿನ್ನೆ ತಲೆ ಕೆಟ್ಟು, ನಿಮ್ಮಲ್ಲೇ ಪಾಠ ಮಾಡುವ ಕೆಲಸ ಏನಾದ್ರೂ ಖಾಲಿ ಇದೆಯೇನಪ್ಪಾ ಅಂತ ಕೇಳಿದೆ.

"ವೆಬ್‌ಸೈಟ್‌ನಲ್ಲಿ ಅಪ್ಲೈ ಮಾಡಿ ಬ್ರೋ" ಅಂದ.